ಕಿತ್ತಳೆಯ ಹಿಂದೆ ಇಟ್ಟಿದ್ದ ಔಷಧ

ಮಾನ್ಯ ನಗರ ಆರೋಗ್ಯಾಧಿಕಾರಿಗಳೇ,

ತಮ್ಮ ಸಹಿಯಿರುವ ಎರಡು ಕಾಗದಗಳು ನನ್ನ ಮುಂದಿವೆ. ಮೊದಲನೆಯದು ಸಕ್ಕರೆ ಕಾಯಿಲೆಯವರಿಗೆ ಆಸ್ಪತ್ರೆ ಕೊಡುವ ಚೀಟಿ: ‘ಇನ್ಸುಲಿನ್ ಬಾಟಲಿಯನ್ನು ಮನೆಯ ಫ್ರಿಜ್ಜಿನಲ್ಲಿಡತಕ್ಕದ್ದು.’ ಎರಡನೆಯದು ನನ್ನ ಹಣ್ಣಿನ ರಸದ ಅಂಗಡಿಗೆ ಅಂಟಿಸಿದ ನೋಟೀಸು: ‘ಆಹಾರದ ಫ್ರಿಜ್ಜಿನಲ್ಲಿ ಔಷಧ ದೊರೆತಿದ್ದರಿಂದ ಏಳು ದಿನ ಮೊಹರು ಮಾಡಲಾಗಿದೆ.’ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಹಿರಿಯರ ಮಾತನ್ನು ತಮ್ಮ ಕಚೇರಿಯಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನು ಕಂಡಿಲ್ಲ. ಈ ಎರಡು ಕಾಗದಗಳ ನಡುವೆ ಒಬ್ಬ ಮನುಷ್ಯ ಸತ್ತ.

ಆತ ಎದುರಿನ ಫುಟ್‌ಪಾತಿನಲ್ಲಿ ಛತ್ರಿ ರಿಪೇರಿ ಮಾಡುತ್ತಿದ್ದ ಅಜ್ಜ. ಅಲ್ಲೇ ಕೆಲಸ, ಅಲ್ಲೇ ಹಾಸಿಗೆ. ಮನೆಯೇ ಇಲ್ಲದವನು ಮನೆಯ ಫ್ರಿಜ್ಜನ್ನು ಎಲ್ಲಿಂದ ತಂದಾನು? ನನ್ನದರಲ್ಲಿ, ಕಿತ್ತಳೆ ಹಣ್ಣುಗಳ ಹಿಂದೆ, ಜಾಗ ಮಾಡಿಕೊಟ್ಟೆ. ಬೆಳಿಗ್ಗೆ ಸಂಜೆ ಬಂದು ಚುಚ್ಚಿಕೊಂಡು, ನನ್ನ ಛತ್ರಿ ಯಾವಾಗ ಮುರಿಯುತ್ತದೆಂದು ವಿಚಾರಿಸಿಕೊಂಡು ಹೋಗುತ್ತಿದ್ದ.

ಸೀಲು ಹಾಕಲು ಬಂದ ತಮ್ಮ ಇನ್ಸ್‌ಪೆಕ್ಟರರಿಗೆ, ಬಾಟಲಿಯನ್ನಾದರೂ ಹೊರಗೆ ಕೊಡಿ ಎಂದು ಕೈಮುಗಿದೆ. “ಅದೇ ಸಾಕ್ಷಿ ಕಣಮ್ಮ, ಮುಟ್ಟೋ ಹಾಗಿಲ್ಲ” ಎಂದರು. ಅಜ್ಜ ನನಗೇ ಸಮಾಧಾನ ಹೇಳಿದ: “ಬಿಡು ತಾಯಿ. ಮಳೆಗಾಲಕ್ಕೆ ಕಾಯೋನಿಗೆ ಏಳು ದಿನ ಏನು ಮಹಾ?”

ಮರುದಿನವೇ ಇಬ್ಬರೂ ಆಸ್ಪತ್ರೆಯ ಔಷಧದ ಕಿಟಕಿಗೆ ಹೋದೆವು. ಈ ತಿಂಗಳದ್ದು ಆಗಲೇ ಕೊಟ್ಟಾಗಿದೆ ಎಂದ ಗುಮಾಸ್ತರಿಗೆ ನಡೆದದ್ದನ್ನೆಲ್ಲ ವಿವರಿಸಿದೆ. “ಕಳೆದುಹೋಗಿದ್ರೆ ಬೇರೆ ಕೊಡಬಹುದಿತ್ತು. ಎಲ್ಲಿದೆ ಅಂತ ನೀವೇ ಹೇಳ್ತಿದ್ದೀರಲ್ಲ?” ಎಂದರು. ಹೊರಗೆ ಕೊಳ್ಳಲು ಅಜ್ಜನ ಬಳಿಯೂ, ವ್ಯಾಪಾರ ನಿಂತ ನನ್ನ ಬಳಿಯೂ ದುಡ್ಡಿರಲಿಲ್ಲ. ಕಳೆದುಹೋಗಿದೆ ಎಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ನನಗೆ ಹೊಳೆಯಲಿಲ್ಲ.

ನಾಲ್ಕನೆಯ ದಿನ ಅಜ್ಜನಿಗೆ ವಾಂತಿ ಶುರುವಾಯಿತು. ಐದನೆಯ ದಿನ ಎಚ್ಚರ ತಪ್ಪಿದ ಮೇಲೆ ಆಸ್ಪತ್ರೆ ಸೇರಿಸಿಕೊಂಡಿತು. ಆರನೆಯ ದಿನ ತೀರಿಕೊಂಡ. ಏಳನೆಯ ದಿನ ತಮ್ಮವರು ಹೇಳಿದ ಹೊತ್ತಿಗೇ ಬಂದು ಸೀಲು ಒಡೆದರು. ಬಾಟಲಿ ತಣ್ಣಗಿತ್ತು; ಚೀಟಿಯ ಸೂಚನೆ ಚಾಚೂ ತಪ್ಪದೆ ಪಾಲನೆಯಾಗಿತ್ತು. ನನಗೆ ಅಳು ಬರಲಿಲ್ಲ, ಈಗಲೂ ಬಂದಿಲ್ಲ. ಹಣ್ಣು ಹೆಚ್ಚುತ್ತೇನೆ, ಗ್ಲಾಸು ತೊಳೆಯುತ್ತೇನೆ.

ನಿನ್ನೆ ಬಸ್ ನಿಲ್ದಾಣದಲ್ಲಿ ಮಲಗುವ ಹೆಂಗಸೊಬ್ಬಳು ಅದೇ ಚೀಟಿ, ಅಂಥದೇ ಬಾಟಲಿ ಹಿಡಿದು ಬಂದಳು. ತಮ್ಮ ಕಚೇರಿಯ ಫ್ರಿಜ್ಜನ್ನು ನೋಡಿದ್ದೇನೆ. ದೂರು ಕೊಡಲು ಬಂದು ಅದರ ಪಕ್ಕದಲ್ಲೇ ಎರಡು ತಾಸು ನಿಂತಿದ್ದೆ. ಒಳಗೆ ಕುಡಿಯುವ ನೀರು ಬಿಟ್ಟರೆ ಬೇರೇನೂ ಇಲ್ಲ. ಅದರ ಒಂದು ಶೆಲ್ಫನ್ನು ಮನೆಯಿಲ್ಲದವರ ಔಷಧಕ್ಕೆ ಬಿಟ್ಟುಕೊಡಿ, ಆ ವಿಳಾಸವನ್ನು ಚೀಟಿಯ ಮೇಲೆ ಅಚ್ಚು ಹಾಕಿಸಿ. ನನ್ನ ಬೇಡಿಕೆ ಇಷ್ಟೇ. ಅಲ್ಲಿಯವರೆಗೆ, ಆಕೆಯ ಬಾಟಲಿ ಎಲ್ಲಿದೆಯೆಂದು ತಮ್ಮವರು ಬಂದು ಕೇಳಿದರೆ, ಕಳೆದುಹೋಗಿದೆ ಎನ್ನುತ್ತೇನೆ.

ಇಂತಿ,
ಸುಳ್ಳು ಹೇಳುವುದನ್ನು ತಡವಾಗಿ ಕಲಿತ
ಹಣ್ಣಿನ ರಸದ ಅಂಗಡಿಯವಳು