ಮಧ್ಯದಿಂದ ಶುರು ಮಾಡಲು ಬಾರದವರು

ಜಮಖಂಡಿ
೧೪ ಸೆಪ್ಟೆಂಬರ್ ೨೦೨೫, ರವಿವಾರ

ಚಿ. ತ್ರಿಶಲಾಳಿಗೆ ದೊಡ್ಡಪ್ಪನ ಜೈ ಜಿನೇಂದ್ರ.

ಮೊದಲು ತಪ್ಪೊಪ್ಪಿಗೆ, ಆಮೇಲೆ ಕುಶಲ. ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು ಅರವತ್ತೆರಡು, ನಿವೃತ್ತ ಉಪನ್ಯಾಸಕ, ಹಾಲಿ ಉಪಹಾಸಕ, ಹೋದ ವರ್ಷ ಜುಲೈ ತಿಂಗಳ ಒಂದು ರವಿವಾರ ಬನಹಟ್ಟಿಯ ನಿಮ್ಮ ಮನೆಯಲ್ಲಿ ಕಳ್ಳತನ ಮಾಡಿದೆ. ಕದ್ದದ್ದು ನಿನ್ನ ಕೋಣೆಯ ಕನ್ನಡಿಗೆ ಅಂಟಿಸಿದ್ದ ಒಂದು ಹಳದಿ ಚೀಟಿ. ಅಗಲ ಮೂರು ಬೆರಳು, ಮೇಲೆ ನೀಲಿ ಶಾಯಿಯ ಒಂದು ಸಾಲು ಜರ್ಮನ್. ಸಾಕ್ಷಿ ಒಬ್ಬನೇ, ಕನ್ನಡಿಯೊಳಗಿನ ಬೋಳುತಲೆಯವನು. ಅವನು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಕದ್ದ ಮಾಲು ಇದೇ ಲಕೋಟೆಯಲ್ಲಿದೆ, ಪರಿಶೀಲಿಸಿಕೊಳ್ಳತಕ್ಕದ್ದು.

ಕ್ಷಮಾವಾಣಿ ಕಳೆದು ಆರು ದಿನವಾದ ಮೇಲೆ ಬರೆಯುತ್ತಿದ್ದೇನೆ, ಅದಕ್ಕೂ ಒಂದು ಕ್ಷಮೆ ಇರಲಿ. ದಶಲಕ್ಷಣ ಪರ್ವ ಮುಗಿದ ಮೇಲೆ ಎಲ್ಲರ ಹತ್ತಿರವೂ ವರ್ಷದ ತಪ್ಪಿಗೆ ಕ್ಷಮೆ ಕೇಳುವ ನಮ್ಮ ಪದ್ಧತಿ ನಿನಗೇನು ಹೊಸದಲ್ಲ. ಸೋಮವಾರ ಬಸದಿಯಲ್ಲಿ ಕೈಮುಗಿದು ಎಂಬತ್ತನಾಲ್ಕು ಲಕ್ಷ ಜೀವರಾಶಿಗಳ ಕ್ಷಮೆಯನ್ನು ಸಗಟಾಗಿ ಕೇಳಿ ಮುಗಿಸಿದೆ. ಚಿಲ್ಲರೆಯಲ್ಲಿ ನಿನ್ನದೊಂದು ಉಳಿಯಿತು. ಮೊಬೈಲಿಗೆ ಕೈಮುಗಿದ ಚಿತ್ರಗಳು ಒಂದೇ ಸಮನೆ ಬಂದವು. ಪಕ್ಕದ ಮನೆಯ ಮಲಕಾಜಪ್ಪ ಕೂಡ ಯಾರೋ ಕಳಿಸಿದ್ದನ್ನು ನನಗೆ ಕಳಿಸಿ, ಕ್ಷಮೆ ಕೇಳಿದ ಅರ್ಧ ತಾಸಿಗೇ ಗಟಾರದ ನೀರಿನ ವಿಷಯಕ್ಕೆ ಜಗಳ ತೆಗೆದ. ನಿನ್ನಿಂದ ಏನೂ ಬರಲಿಲ್ಲ. ಬರದಿದ್ದುದೇ ಒಳ್ಳೆಯದಾಯಿತು. ಚಿತ್ರ ಬಂದಿದ್ದರೆ ನಾನೂ ಒಂದು ಚಿತ್ರ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದೆ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ದೊಡ್ಡವ್ವನ ಮೊಣಕಾಲು ಈಗ ಮೆಟ್ಟಿಲು ಇಳಿಯುತ್ತದೆ, ಹತ್ತಲು ಒಪ್ಪುವುದಿಲ್ಲ. ಬುಧವಾರ ನಿಮ್ಮವ್ವ ಬಂದಿದ್ದಳು. ಡಬ್ಬಿ ತುಂಬ ಶೇಂಗಾ ಹೋಳಿಗೆ ತಂದಿದ್ದಳು. ಮುಚ್ಚಳ ತೆಗೆಯುವುದಕ್ಕೆ ಮೊದಲೇ ಗುಟ್ಟು ಬಿಟ್ಟುಕೊಟ್ಟಳು.

"ಭಾವಾರ, ತ್ರಿಶಲಾ ಡಿಸೆಂಬರಿನ್ಯಾಗ ಮತ್ತ ಪರೀಕ್ಷಾ ಕುಂದ್ರತಾಳ್ರಿ. ದೊಡ್ಡಪ್ಪಗ ಹೇಳಬ್ಯಾಡಂತ ಆಣಿ ಹಾಕ್ಸ್ಯಾಳ. ಆದರ ಹೇಳದ ನನಗ ಹೆಂಗ ಉಂಡದ್ದು ಅರಗಬೇಕ್ರಿ?"

"ಯಾಕ ಹೇಳಬಾರದಂತ? ನಾ ಏನ ಹುಲಿ ಏನ?" ಎಂದೆ.

"ಹುಲಿ ಆಗಿದ್ರ ಓಡಿ ಹೋಗ್ತಿದ್ಲರಿ. ನೀವು ಕಲಸ್ತೇನಿ ಅಂತ ಬರ್ತೀರಿ."

ನಿಮ್ಮವ್ವ ಓದಿದ್ದು ನಾಲ್ಕನೆಯ ಇಯತ್ತೆ. ನಾನು ಎರಡು ಎಂ.ಎ. ಆದರೂ ಮಾತಿನಲ್ಲಿ ಅವಳನ್ನು ನಾನು ಗೆದ್ದ ದಾಖಲೆ ಇಲ್ಲ. ನನಗೆ ಪದವಿಗಳಿವೆ, ಅವಳಿಗೆ ಪದಗಳಿವೆ.

ಆದ್ದರಿಂದ ಈ ಪತ್ರ. ಹೆದರಬೇಡ, ಕಲಿಸಲು ಬರುವುದಿಲ್ಲ. ಕಲಿಸಿದ್ದನ್ನು ವಾಪಸ್ಸು ತೆಗೆದುಕೊಳ್ಳಬೇಕೆಂದು ಬರೆಯುತ್ತಿದ್ದೇನೆ.

ಹೋದ ವರ್ಷ ನೀನು ಮುಧೋಳದ ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ಬಂದು, ಜರ್ಮನಿಯಲ್ಲಿ ನರ್ಸ್ ಆಗುತ್ತೇನೆಂದು ಹೊರಟಾಗ ನಿನ್ನದೇ ಒಂದು ಕ್ರಮವಿತ್ತು. ಅಡುಗೆಮನೆಯ ತುಪ್ಪದ ಮಿಳ್ಳಿಯಿಂದ ಹಿಡಿದು ಹಿತ್ತಲಿನ ಬಚ್ಚಲವರೆಗೆ ಎಲ್ಲದಕ್ಕೂ ಹಳದಿ ಚೀಟಿ ಅಂಟಿಸಿದ್ದೆ. ಬನಹಟ್ಟಿಯಿಂದ ಮಹಾಲಿಂಗಪುರದ ಮೇಲೆ ಮುಧೋಳಕ್ಕೆ ಹೋಗುವ ಬಸ್ಸಿನಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು, ಅದರೊಳಗಿನ ದನಿ ಹೇಳಿದ್ದನ್ನು ಅದರ ಬೆನ್ನಿಗೇ ನೀನೂ ಹೇಳುತ್ತಿದ್ದೆ. ಕಂಡಕ್ಟರ್ ಗಿರಿಮಲ್ಲಪ್ಪ "ಯಾವ ದೇವರ ಮಂತ್ರ ಬೇ ತಂಗಿ?" ಎಂದು ಕೇಳಿದ್ದನ್ನು, ಆಮೇಲೆ ಟಿಕೆಟ್ ಕೊಟ್ಟಾಗಲೆಲ್ಲ ಅವನೇ "ಡಾಂಕೆ" ಎಂದು ಜರ್ಮನ್ನಿನಲ್ಲಿ ಥ್ಯಾಂಕ್ಸ್ ಹೇಳಲು ಕಲಿತದ್ದನ್ನು ನೀನೇ ಹೇಳಿ ನಕ್ಕಿದ್ದೆ. ನಿನ್ನ ದನಿಯನ್ನು ನೀನೇ ಮೊಬೈಲಿನಲ್ಲಿ ಹಿಡಿದು, ಕೇಳಿ, ನಾಚಿ, ಮತ್ತೆ ಹಿಡಿಯುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ ಆ ಇಂಗ್ರಿಡ್ ಅಜ್ಜಿ. ಅವಳು ಜರ್ಮನಿಯ ಯಾವುದೋ ಊರಿನ ನಿವೃತ್ತ ನರ್ಸ್. ಮೊಬೈಲಿನಲ್ಲೇ ಪರಿಚಯ. ವಾರಕ್ಕೆರಡು ಸಲ ವಿಡಿಯೋದಲ್ಲಿ ಮಾತು. ಓಣಿಯ ತುಂಬ ಮಗ್ಗಗಳ ಸದ್ದು, ಅದರಲ್ಲಿ ಒಂದಕ್ಷರ ಕೇಳಿಸದು. ಹಾಗಾಗಿ ಕರೆಂಟು ಹೋಗಿ ಮಗ್ಗ ನಿಂತ ಕೂಡಲೇ ನೀನು ಕೋಣೆಗೆ ಓಡುತ್ತಿದ್ದೆ. ಇಡೀ ಬನಹಟ್ಟಿ ಕರೆಂಟು ಹೋಯಿತೆಂದು ಬಯ್ಯುವಾಗ ಒಬ್ಬಳೇ ಒಬ್ಬಳು ಖುಷಿಪಡುತ್ತಿದ್ದಳು.

ಇದನ್ನೆಲ್ಲ ನೋಡಿ ನಾನು ಆಡಿದ ಮಾತು ನಿನಗೆ ನೆನಪಿರುತ್ತದೆ. ನನಗಂತೂ ಅಲ್ಪವಿರಾಮ ಸಮೇತ ನೆನಪಿದೆ.

"ಇದು ಆಟ ಬೇ. ಚೀಟಿ ಹಚ್ಚಿದ್ರ ಮಿಳ್ಳಿ ಜರ್ಮನ್ ಕಲೀತೈತಿ, ನೀ ಅಲ್ಲ."

"ದೊಡ್ಡಪ್ಪಾ, ಇಂಗ್ರಿಡ್ ಅಜ್ಜಿ ಅಂತಾಳ, ತಪ್ಪ ಮಾಡಿದಷ್ಟೂ ಛಲೋ, ಮಾತಾಡಕೋತನ ಬರ್ತೈತಿ ಅಂತ."

"ಹಂಗಾರ ಪೇಷಂಟಿಗೂ ಹತ್ತ ಸಲ ತಪ್ಪ ಸೂಜಿ ಚುಚ್ಚು. ಹನ್ನೊಂದನೇದು ಬರೋಬ್ಬರಿ ಬೀಳತೈತಿ."

ನಿಮ್ಮಪ್ಪ ಕಪಿಲ ನಕ್ಕ. ನೀನು ನಗಲಿಲ್ಲ. ನಾನು ಗೆದ್ದೆ ಎಂದುಕೊಂಡೆ. "ಜರ್ಮನ್ ಅಂದ್ರ ಜರಾ ಮನಸ್ಸು ಕೊಟ್ಟು ಬಾಯಿಪಾಠ ಮಾಡೂದು" ಎಂದು ಇನ್ನೊಂದು ಚಟಾಕಿ ಹಾರಿಸಿದೆ. ಆಮೇಲೆ ಬ್ರಹ್ಮಾಸ್ತ್ರ ತೆಗೆದೆ. "ನಮ್ಮ ಮನಿ ಗ್ವಾಡಿ ಮ್ಯಾಲ ಏನ ತೂಗಾಕತ್ತೈತಿ ನೋಡೀಯಿಲ್ಲ? ಎಂಬತ್ತೊಂಬತ್ತನೇ ಇಸವಿ, ಪುಣೆ. ಜರ್ಮನ್ ಪರೀಕ್ಷಾ, ಒಂದ ಹೊಡತಕ್ಕ!" ಚೌಕಟ್ಟಿನೊಳಗಿನ ಆ ಪ್ರಮಾಣಪತ್ರವನ್ನು ತೋರಿಸದೆ ನಮ್ಮ ಮನೆಯಲ್ಲಿ ಯಾರಿಗೂ ಚಹಾ ಸಿಕ್ಕಿಲ್ಲ. ಆ ಚೌಕಟ್ಟೆಂದರೆ ನಿಮ್ಮಪ್ಪನಿಗೆ ದೇವರ ಪಟ. "ದೊಡ್ಡಪ್ಪ ಹೇಳಿದಂಗ ಕೇಳು" ಎಂದ. ಸಂಜೆಯೊಳಗೆ ಮನೆಯ ಚೀಟಿಗಳನ್ನೆಲ್ಲ ನಾನೇ ಕಿತ್ತು ಒಲೆಯ ಹತ್ತಿರ ರಾಶಿ ಹಾಕಿದೆ. ಇಂಗ್ರಿಡ್ ಅಜ್ಜಿಗೆ ಪರೀಕ್ಷೆ ಮುಗಿಯುವವರೆಗೆ ರಜೆ.

ಆಮೇಲಿನದು ನನ್ನ ಪದ್ಧತಿ. ಚಿಕ್ಕಂದಿನಲ್ಲಿ ಬಸದಿಯ ಪಾಠಶಾಲೆಯಲ್ಲಿ ನಾವು ಸ್ತೋತ್ರ ಕಲಿತ ಪದ್ಧತಿಯೇ. ತೊಡೆಯ ಮೇಲೆ ತಾಳ ಹಾಕುತ್ತ, ಕಣ್ಣು ಮುಚ್ಚಿ, ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಒಂದೇ ಉಸಿರು. ಅರ್ಥ ಆಮೇಲೆ ಯಾವಾಗಲಾದರೂ ಬಂದು ಸೇರಿಕೊಳ್ಳಲಿ. ಹಳೆಯ ಪುಸ್ತಕದಿಂದ ನಲವತ್ತೆಂಟು ಸಂವಾದ ಆರಿಸಿದೆ. ಅಂಗಡಿಯಲ್ಲಿ, ನಿಲ್ದಾಣದಲ್ಲಿ, ಆಸ್ಪತ್ರೆಯಲ್ಲಿ. ಕೇಳುವವನ ಮಾತೂ ಉತ್ತರಿಸುವವನ ಮಾತೂ ಎರಡೂ ಕಂಠಪಾಠ. ನೀನು ಪಾಳಿ ಮುಗಿಸಿ ವಾರಕ್ಕೆ ಮೂರು ಸಲ ಜಮಖಂಡಿಗೆ ಬಂದು, ತೂಕಡಿಸುತ್ತ, ತೊಡೆ ತಟ್ಟುತ್ತ ಒಪ್ಪಿಸುತ್ತಿದ್ದೆ. ನಾಲ್ಕು ತಿಂಗಳಲ್ಲಿ ನಲವತ್ತೆಂಟೂ ನಿನ್ನ ನಾಲಿಗೆಯ ಮೇಲಿದ್ದವು. "ನೋಡಪಾ, ಇದಕ್ಕ ಅಂತಾರ ಕಲಿಯೂದು" ಎಂದು ನಿಮ್ಮಪ್ಪನೆದುರು ಮೀಸೆ ತಿರುವಿದೆ. ಮೀಸೆ ಇಲ್ಲದಿದ್ದರೂ ತಿರುವಿದೆ.

ನವೆಂಬರಿನಲ್ಲಿ ಪುಣೆಯ ಪರೀಕ್ಷೆಯ ಕೋಣೆಯಲ್ಲಿ ಏನಾಯಿತೆಂದು ನೀನು ನನಗೆ ಹೇಳಲಿಲ್ಲ. ತಿರುಗಿ ಬರುವ ಬಸ್ಸಿನಲ್ಲಿ, ನಿನ್ನ ವಾರ್ಡಿನವಳೇ ಆದ, ಜೊತೆಗೇ ಪರೀಕ್ಷೆ ಬರೆದ ಗೆಳತಿ ಪ್ರೀತಿಗೆ ಹೇಳಿದೆಯಂತೆ. ಅವಳು ಜರ್ಮನಿಗೆ ಹೊರಡುವ ಮೊದಲು ನಮಸ್ಕಾರ ಮಾಡಲು ಬಂದು ನನಗೆ ಹೇಳಿದಳು. ಬರವಣಿಗೆ ಪಾಸು. ಮಾತಿನ ಪರೀಕ್ಷೆಗೆ ಇಬ್ಬಿಬ್ಬರ ಜೋಡಿ, ನಿನ್ನ ಜೋಡಿ ಕೇರಳದ ಹುಡುಗಿ. ವಿಷಯ, ಕಾಲು ಮುರಿದುಕೊಂಡ ಗೆಳತಿಯನ್ನು ಇಬ್ಬರೂ ಸೇರಿ ನೋಡಲು ಹೋಗುವುದು. ನಮ್ಮ ಮೂವತ್ತೊಂದನೆಯ ಸಂವಾದ! ಆ ಹುಡುಗಿ ನಮ್ಮ ಪುಸ್ತಕ ಓದಿರಲಿಲ್ಲ ನೋಡು, ನೇರವಾಗಿ ಕೇಳಿಬಿಟ್ಟಳು: ಶನಿವಾರ ಹೋಗೋಣವೋ, ರವಿವಾರವೋ? ನಮ್ಮಲ್ಲಿ ಅದು ಏಳನೆಯ ಸಾಲು. ನೀನು ಒಂದನೆಯ ಸಾಲಿಗೆ ಹೋದೆ: ನಮಸ್ಕಾರ, ಸುದ್ದಿ ಕೇಳಿದೆಯಾ, ನಮ್ಮ ಗೆಳತಿ ಬಿದ್ದಳಂತೆ. ಅವಳು, ಗೊತ್ತಿದೆ, ಶನಿವಾರವೋ ರವಿವಾರವೋ? ನೀನು ಮತ್ತೆ ನಮಸ್ಕಾರ. ಮೂರನೆಯ ಸಲ ಅವಳ ಬಾಯಿ ತೆರೆಯುವ ಮೊದಲೇ ಕಣ್ಣು ಮುಚ್ಚಿ, ತೊಡೆ ತಟ್ಟುತ್ತ, ನಿನ್ನದೂ ಅವಳದೂ ಎರಡೂ ಮಾತು ಸೇರಿಸಿ ಪೂರ್ತಿ ಸಂವಾದ ಒಪ್ಪಿಸಿಬಿಟ್ಟೆ. ಕಣ್ಣು ತೆರೆದಾಗ ಪರೀಕ್ಷಕರಲ್ಲಿ ಒಬ್ಬಳು ಪೆನ್ನು ಕೆಳಗಿಟ್ಟು ನಿನಗೆ ನೀರು ಕೊಟ್ಟಳಂತೆ.

ಪ್ರೀತಿ ಇದನ್ನು ನಗುತ್ತಲೇ ಹೇಳಲು ಶುರು ಮಾಡಿದ್ದಳು. ನೀರಿನ ಲೋಟದ ಹೊತ್ತಿಗೆ ನಗು ನಿಂತಿತ್ತು. ಅವಳು ನಿನ್ನ ಹಾಗೆಯೇ ಚೀಟಿ ಅಂಟಿಸಿ, ಬಸ್ಸಿನಲ್ಲಿ ಗೊಣಗಿ ಕಲಿತವಳು. ಅವಳಿಗೆ ದೊಡ್ಡಪ್ಪ ಇರಲಿಲ್ಲ.

ಫಲಿತಾಂಶ ಬಂದ ದಿನ ನೀನು ನಮ್ಮ ಪಡಸಾಲೆಯಲ್ಲಿ ನಿಂತು ಒಂದೇ ಮಾತು ಆಡಿದೆ. "ದೊಡ್ಡಪ್ಪಾ, ನಡುವಿನಿಂದ ಸುರು ಮಾಡೂದು ನೀವು ಕಲಸಲೇ ಇಲ್ಲಲ್ರಿ." ನಾನು ಏನೆಂದೆ? "ನಡುವಿಗೆ ಪಟ್ಟಿ ಕಟ್ಟಿಕೊಂಡು ಹೋಗಬೇಕಿತ್ತವಾ" ಎಂದೆ. ಕೇಳಿದವರು ಯಾರೂ ನಗದ ನನ್ನ ಏಕೈಕ ಹಾಸ್ಯ ಅದು. ನೀನು ಚಪ್ಪಲಿ ಮೆಟ್ಟಿಕೊಂಡು ಹೋದೆ. ಹತ್ತು ತಿಂಗಳಾಯಿತು. ಊರಿನಲ್ಲಿ ಕೇಳಿದವರಿಗೆಲ್ಲ ನಾನು "ಹುಡುಗಿ ಗಾಬರಿ ಆದಳು, ನಮ್ಮ ಪದ್ಧತಿ ಬರೋಬ್ಬರಿ ಇತ್ತು" ಎಂದು ಹೇಳಿಕೊಂಡು ತಿರುಗಿದೆ. ನೀನು ಅದೇ ಮುಧೋಳದ ಅದೇ ವಾರ್ಡಿನಲ್ಲಿ, ಪ್ರೀತಿ ಬಿಟ್ಟುಹೋದ ಪಾಳಿಯನ್ನೂ ಸೇರಿಸಿ ಮಾಡುತ್ತಿದ್ದೆ.

ಈಗ ಕೇಳು, ಇದು ಕೊನೆಯ ಪಾಠ. ಚೀಟಿಗಳನ್ನು ಮತ್ತೆ ಅಂಟಿಸು. ನಾನು ಒಲೆಯ ಹತ್ತಿರ ಹಾಕಿದ್ದನ್ನು ನಿಮ್ಮವ್ವ ಉರಿಗೆ ಹಾಕಿಲ್ಲ, ಉಪ್ಪಿನಕಾಯಿ ಭರಣಿಯ ಹಿಂದೆ ಕಟ್ಟಿಟ್ಟಿದ್ದಾಳೆ. ಬಸ್ಸಿನಲ್ಲಿ ಗಟ್ಟಿಯಾಗಿಯೇ ಗೊಣಗು. ನಿನ್ನ ದನಿಯನ್ನು ಹಿಡಿದು ಕೇಳು, ನಾಚಿಕೆಯಾದರೆ ಆಗಲಿ. ದಿನಕ್ಕೆ ಒಂದು ತಾಸು ಓದುವುದಕ್ಕಿಂತ ಹತ್ತು ನಿಮಿಷ ತಪ್ಪುತಪ್ಪಾಗಿ ಮಾತಾಡು. ಇಂಗ್ರಿಡ್ ಅಜ್ಜಿ ಇನ್ನೂ ಮಾತಾಡುತ್ತಾಳಾದರೆ ಅವಳಿಗೆ ನನ್ನ ಕ್ಷಮೆಯನ್ನೂ ಹೇಳು, ನನ್ನ ಜರ್ಮನ್ ಅಷ್ಟು ದೂರ ನಡೆಯುವುದಿಲ್ಲ. ನಲವತ್ತೆಂಟೂ ಸಂವಾದ ಮರೆತುಬಿಡು. ಮರೆಯಲು ಆಗದಿದ್ದರೆ ಯಾರಾದರೂ ನಡುವೆ ಬಾಯಿ ಹಾಕಿ ಕೆಡಿಸಲಿ. ಹಾಗೆ ಕೆಡಿಸುವವರೇ ನಿನ್ನ ಮೇಷ್ಟ್ರು.

ಜಮಖಂಡಿಯ ಕಡೆ ಬರಬೇಡ. ಬರುವುದಾದರೆ ಹೋಳಿಗೆ ತಿನ್ನಲು ಬಾ, ಅದೂ ಸೂರ್ಯ ಮುಳುಗುವುದರೊಳಗೆ. ದೊಡ್ಡವ್ವ ದಿನಾ ನೆನೆಯುತ್ತಾಳೆ. ನಿನಗೆ ಆಯುರಾರೋಗ್ಯ, ದಿಟ್ಟ ನಾಲಿಗೆ, ಒಳ್ಳೆಯ ಪಾಳಿ ಸಿಗಲಿ. ಡಿಸೆಂಬರಿನಲ್ಲಿ ಯಾರು ಎಲ್ಲಿಂದ ಕೇಳಿದರೂ ಅಲ್ಲಿಂದಲೇ ಶುರು ಮಾಡುವಂತಾಗಲಿ.

ಉತ್ತಮ ಕ್ಷಮಾ.

ನಿನ್ನ ದೊಡ್ಡಪ್ಪ
ಅಪ್ಪಾಜಿ

ತಾ.ಕ.: ಪತ್ರ ಆರು ದಿನ ತಡವಾದ ಕಾರಣವನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ, ಇಲ್ಲಿ ಬರೆಯುತ್ತೇನೆ.

ನಮ್ಮ ಗೋಡೆಯ ಪ್ರಮಾಣಪತ್ರದ ಕೊನೆಯ ಸಾಲಿನಲ್ಲಿ ಬರವಣಿಗೆ ತೇರ್ಗಡೆ, ಮಾತು ತೇರ್ಗಡೆಯಿಲ್ಲ ಎಂದು ಜರ್ಮನ್ನಿನಲ್ಲಿ ಅಚ್ಚಾಗಿದೆ. ಎಂಬತ್ತೊಂಬತ್ತರಲ್ಲಿ ನಾನೂ ಎಲ್ಲ ಬಾಯಿಪಾಠ ಮಾಡಿಕೊಂಡೇ ಹೋಗಿದ್ದೆ, ಅವರು ನಡುವಿನಿಂದ ಕೇಳಿದರು, ನಾನು ಮೊದಲಿನಿಂದ ಶುರು ಮಾಡಿದೆ. ಮೂವತ್ತೈದು ವರ್ಷ ಅದನ್ನು ಓದಬಲ್ಲವರು ಜಮಖಂಡಿಯ ನಮ್ಮ ಮನೆಗೆ ಬರಲಿಲ್ಲ. ನೀನು ಕಲಿಯತೊಡಗಿದ ಮೇಲೆ ಆ ಸಾಲು ಮುಚ್ಚುವಂತೆ ಸಕ್ಕರೆ ಕಾರ್ಖಾನೆಯ ಕ್ಯಾಲೆಂಡರ್ ತೂಗುಹಾಕಿದೆ. ತಡವಾಗಿತ್ತಂತೆ. ಹೋದ ವರ್ಷದ ಮಹಾವೀರ ಜಯಂತಿಗೆ ಬಂದಾಗಲೇ ನೀನು ಓದಿದ್ದೆ ಎಂದು ಬುಧವಾರ ನಿಮ್ಮವ್ವ ಹೇಳಿದಳು. ಓದಿ ಅವಳಿಗೆ ನೀನು ಹೇಳಿದ್ದನ್ನೂ ಹೇಳಿದಳು: "ಅವ್ವಾ, ದೊಡ್ಡಪ್ಪಾರೂ ಮಾತಿನ್ಯಾಗ ಫೇಲ್ ಆಗ್ಯಾರ. ಯಾರ ಮುಂದೂ ಅನಬ್ಯಾಡ." ಜುಲೈನಲ್ಲಿ ನಾನು ಚೀಟಿ ಕಿತ್ತ ದಿನ ಹೇಳಿದ್ದನ್ನೂ: "ತಮಗ ಆಗಲಿಲ್ಲಂತ ನನ್ನ ಪಾಸ್ ಮಾಡಸಾಕ ಬಡದಾಡಾಕತ್ತಾರ. ಹೋಗ್ಲಿ, ಅವರು ಹೇಳಿದಂಗ ಮಾಡೂಣು."

ನೀನು ಊಹಿಸಿದ ಕಾರಣ ಬಹಳ ಒಳ್ಳೆಯದು, ತಾಯಿ. ಅದು ನನ್ನದಲ್ಲ. ಆ ರವಿವಾರ ಕರೆಂಟು ಹೋಗಿ ಮಗ್ಗಗಳು ನಿಂತಾಗ ನಾನು ಚಹಾದ ಬಸಿ ಹಿಡಿದು ನಿನ್ನ ಕೋಣೆಯ ಹೊರಗೆ ನಿಂತಿದ್ದೆ. ಒಳಗೆ ನೀನೂ ಆ ಮುದುಕಿಯೂ ಜರ್ಮನ್ನಿನಲ್ಲಿ ನಗುತ್ತಿದ್ದಿರಿ. ಆ ನಗು ನಿಲ್ಲಬೇಕು ಅನ್ನಿಸಿತು. ಅಷ್ಟೇ. ನೀನು ಹೊರಗೆ ಬಂದ ಮೇಲೆ ಒಳಗೆ ಹೋಗಿ ಚೀಟಿ ಕದ್ದೆ. ಅದರಲ್ಲಿ ಏನು ಬರೆದಿದೆ ಎಂದೂ ನನಗೆ ತಿಳಿಯಲಿಲ್ಲ. ಬುಧವಾರ ತೋರಿಸಿದಾಗ ನಿಮ್ಮವ್ವ ನೋಡಿ, "'ನನಗ ಆಗತೈತಿ' ಅಂತ ಐತ್ರಿ ಭಾವಾರ, ದಿನಾ ಮುಂಜಾನಿ ಹಣಿಗಿ ಹಿಡಕೊಂಡು ತಲಿ ಬಾಚಕೋತ ಅಂತಿದ್ಲು" ಎಂದಳು.

ಇಪ್ಪತ್ತು ನಿಮಿಷ ಬಾಗಿಲಲ್ಲಿ ನಿಂತಿದ್ದೆ. ಆ ಇಪ್ಪತ್ತು ನಿಮಿಷದಲ್ಲಿ ಜರ್ಮನ್ ಪಂಡಿತನಿಗೆ ಅರ್ಥವಾದ ಪದ ಒಂದೇ. ನೀನು ಅಜ್ಜಿಗೆ ಯಾರ ಬಗ್ಗೆಯೋ ಹೊಗಳುವ ದನಿಯಲ್ಲಿ ಹೇಳುತ್ತ, ನಡುನಡುವೆ ಕನ್ನಡದಲ್ಲೇ ಅಂದ "ದೊಡ್ಡಪ್ಪ".