ಅರ್ಧ ಹೊಳೆಯಲ್ಲಿ ನಿಂತ ದೋಣಿಯ ವಿಚಾರವಾಗಿ ಗ್ರಾಹಕ ದೂರು ವಿಭಾಗದ ಮುಖ್ಯಾಧಿಕಾರಿಗಳಿಗೆ

ಮಾನ್ಯ ಮುಖ್ಯಾಧಿಕಾರಿಗಳೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಮೂರನೇ ಕಿಟಕಿಯ ಗುಮಾಸ್ತರ ಕೆಮ್ಮು ಕಡಿಮೆಯಾಯಿತೇ? ಬಾಗಿಲಲ್ಲಿ ಟೋಕನ್ ಕೊಡುವ ಯಜಮಾನರ ಮಂಡಿ ನೋವು ಹೇಗಿದೆ? ಕಡತಗಳ ಕೋಣೆಯ ಅಮ್ಮನವರಿಗೆ ಹೊಸ ಕನ್ನಡಕ ಬಂತೇ? ನಿಮ್ಮ ಕಚೇರಿಗೆ ಐದು ಸಲ ಬಂದು ಹೋದವನಿಗೆ ಅಲ್ಲಿಯವರೆಲ್ಲ ನೆಂಟರೇ ಆಗಿಬಿಟ್ಟಿದ್ದಾರೆ. ನೀವೊಬ್ಬರು ಮಾತ್ರ ಇನ್ನೂ ಮುಖ ತೋರಿಸದ ನೆಂಟರು. ಹಾಗಾಗಿ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ವಿಷಯ ಇಷ್ಟೇ. ನಾನು ನನ್ನ ತಮ್ಮನಿಗೆ ಒಂದು ವಿಡಿಯೋ ಗೇಮಿನ ಕೀ ಕೊಡಿಸಿದೆ. ಏಳು ತಿಂಗಳು ಆಡಿದ ಮೇಲೆ, 'ಈ ಕೀ ಅಕ್ರಮವಾಗಿ ಪಡೆದದ್ದು' ಎಂದು ಹೇಳಿ ಆಟವನ್ನೇ ಅವನ ಕೈಯಿಂದ ಕಿತ್ತುಕೊಂಡರು. ಅಂಥ ಕೀ ಕೊಳ್ಳುವುದು ಸಕ್ರಮವೋ ಅಕ್ರಮವೋ ಹೇಳಿ ಎಂದು ನಿಮ್ಮನ್ನು ಕೇಳಿ ನಾಲ್ಕು ತಿಂಗಳಾಯಿತು. ನೀವು ಬಾಯಿ ಬಿಟ್ಟಿಲ್ಲ. ನನ್ನ ತಮ್ಮನೂ ನನ್ನ ಜೊತೆ ಬಾಯಿ ಬಿಡುತ್ತಿಲ್ಲ.

ಕೀ ಎಂದರೆ ಬೀಗಕ್ಕೆ ಹಾಕುವುದಲ್ಲ; ಅಕ್ಷರ, ಅಂಕಿ ಬೆರೆಸಿದ ಒಂದು ಸಾಲು. ಆ ಸಾಲನ್ನು ಕಂಪ್ಯೂಟರಿನಲ್ಲಿ ಬರೆದರೆ ಆಟ ನಿಮ್ಮ ಹೆಸರಿಗೆ ಬರುತ್ತದೆ. ಆಟ ಮಾಡಿದವರು ಮಾರಲು ಕೊಟ್ಟ ಮುಖ್ಯ ಆನ್‌ಲೈನ್ ಅಂಗಡಿಯಲ್ಲಿ ಅದು ಸಿಗುತ್ತದೆ. ಹೊರಗಿನ ಮರುಮಾರಾಟಗಾರರ ಬಳಿಯೂ ಸಿಗುತ್ತದೆ, ಅರ್ಧ ಬೆಲೆಗೆ. ನನ್ನದನ್ನು ಮುಖ್ಯ ಅಂಗಡಿಯಲ್ಲಿ ಕೊಂಡೆ. ತಮ್ಮನದನ್ನು ಮರುಮಾರಾಟದ ಜಾಲತಾಣದಲ್ಲಿ ಕೊಂಡೆ. ಅಲ್ಲಿ ಮಾರುವವನ ಹೆಸರಿನ ಪಕ್ಕ ಹಸಿರು ಗುರುತಿತ್ತು. 'ನಂಬಿಕಸ್ತ ಮಾರಾಟಗಾರ' ಎಂದು ಬರೆದಿತ್ತು. ಯಾರು ನಂಬಿದರು, ಯಾಕೆ ನಂಬಿದರು ಎಂದು ಬರೆದಿರಲಿಲ್ಲ. ನಾನೂ ಕೇಳಲಿಲ್ಲ.

ಅರವತ್ತೆಂಟರ ಮುದುಕನಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನಿಮ್ಮ ಮೂರನೇ ಕಿಟಕಿ ಕೇಳಿಯೂ ಆಗಿದೆ. ಹೇಳುತ್ತೇನೆ, ಸ್ವಲ್ಪ ಕೂತು ಓದಿ.

ನಾನು ಪುಸ್ತಕ ಕಟ್ಟುವವನು. ಶಾಲೆ ನಾಲ್ಕನೆಯದಕ್ಕೇ ನಿಂತಿತು. ಉಳಿದದ್ದೆಲ್ಲ ಬೈಂಡಿಂಗಿಗೆ ಬಂದ ಪುಸ್ತಕಗಳನ್ನು ಓದಿ ಕಲಿತದ್ದು. ಹೊಲಿಗೆ ಬಿಚ್ಚಿದ ಹಾಳೆಗಳು ಯಾವ ಕ್ರಮದಲ್ಲಿ ಬಂದವೋ ಆ ಕ್ರಮದಲ್ಲೇ ಓದಿದ್ದರಿಂದ ಎಷ್ಟೋ ಕಥೆಗಳ ಕೊನೆ ನನಗೆ ಮೊದಲೇ ಗೊತ್ತು, ಮೊದಲು ಇನ್ನೂ ಗೊತ್ತಿಲ್ಲ. ತಮ್ಮ ನನ್ನ ಹಾಗಲ್ಲ, ಓದಿ ಸರ್ಕಾರಿ ಕೆಲಸ ಹಿಡಿದ. ತೂಕ ಮತ್ತು ಅಳತೆ ಪರೀಕ್ಷಕ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ನೋಡಿ, ಸರಿಯಿದ್ದ ಕಲ್ಲಿಗೆ ಮುದ್ರೆ ಒತ್ತುವವನು. ಮನೆಯಲ್ಲಿ ಹೆಂಡತಿ ಅಕ್ಕಿ ಅಳೆಯುವಾಗಲೂ ಕತ್ತು ಚಾಚಿ ನೋಡುವ ಆಸಾಮಿ.

ಹನ್ನೆರಡು ವರ್ಷದ ಹಿಂದೆ ನಾನು ನನ್ನ ಅಂಗಡಿಗೆ ಕಾಗದ ಕತ್ತರಿಸುವ ಯಂತ್ರವೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದೆ. ಒಳ್ಳೆಯ ಅಲಗು, ಅಗ್ಗದ ಬೆಲೆ. ಅದು ಮುದ್ರಣಾಲಯವೊಂದರಿಂದ ಕದ್ದ ಮಾಲಾಗಿತ್ತು. ಪೊಲೀಸರು ಬಂದರು. ಅಂಗಡಿಯ ಬಾಡಿಗೆ ಕರಾರು ತಮ್ಮನ ಹೆಸರಿನಲ್ಲಿ ಇದ್ದುದರಿಂದ ಅವನ ಇಲಾಖೆಗೂ ಕಾಗದ ಹೋಯಿತು. ಮುದ್ರೆ ಒತ್ತುವ ಮನುಷ್ಯ ಮೇಲಧಿಕಾರಿಯ ಮುಂದೆ ಕೈಕಟ್ಟಿ ನಿಂತು ಸಮಜಾಯಿಷಿ ಕೊಡಬೇಕಾಯಿತು. ಆ ಸಂಜೆ ನನ್ನ ಅಂಗಡಿಗೆ ಬಂದು ಹೇಳಿದ: "ಅಗ್ಗಕ್ಕೆ ಸಿಕ್ಕಿದ್ರೆ ಯಾಕೆ ಅಗ್ಗ ಅಂತ ಒಂದು ಮಾತು ಕೇಳಬಾರದಾ ಅಣ್ಣ? ಬಾಯಿಗೇನು ಅಂಟು ಹಾಕ್ಕೊಂಡಿದ್ಯಾ?" ಅಷ್ಟೇ. ಆಮೇಲೆ ಹನ್ನೊಂದು ವರ್ಷ ಮಾತಿಲ್ಲ.

ನಮ್ಮನ್ನು ಮತ್ತೆ ಸೇರಿಸಿದವಳು ಅವನ ಮಗಳು, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಅಪ್ಪ ನಿವೃತ್ತನಾದ ವಾರ ನನ್ನ ಅಂಗಡಿಗೆ ಬಂದು, "ದೊಡ್ಡಪ್ಪ, ನೀವಿಬ್ರೂ ಎದುರೆದುರು ಕೂತ್ರೆ ಜಗಳ ಆಡ್ತೀರ. ದೂರದಿಂದಾದ್ರೂ ಆಡಿ, ಆಟಾನ," ಎಂದಳು. ಅದೊಂದು ಹಗ್ಗದ ದೋಣಿಯ ಆಟ. ಹೊಳೆಯ ಒಂದು ದಡದಲ್ಲಿ ಒಬ್ಬ, ಇನ್ನೊಂದು ದಡದಲ್ಲಿ ಇನ್ನೊಬ್ಬ. ಒಬ್ಬ ಹಗ್ಗ ಸಡಿಲ ಬಿಟ್ಟಂತೆ ಇನ್ನೊಬ್ಬ ಎಳೆಯಬೇಕು. ಒಬ್ಬನೇ ಆಡಲು ಬರುವುದೇ ಇಲ್ಲ. ನಿವೃತ್ತಿಯ ಉಡುಗೊರೆಯೆಂದು ಅವನ ಕೀಯನ್ನು ನಾನೇ ಕೊಡಿಸಿದೆ.

ಏಳು ತಿಂಗಳು, ದಿನಾ ಬೆಳಿಗ್ಗೆ ಹತ್ತರಿಂದ ಹನ್ನೊಂದು. ಮೊದಲ ವಾರ ಕಂಪ್ಯೂಟರಿನ ಮೈಕಿನಲ್ಲಿ "ಬಿಡು", "ಎಳಿ" ಎರಡೇ ಮಾತು. ಎರಡನೆಯ ವಾರಕ್ಕೆ ಅವನೊಳಗಿನ ಪರೀಕ್ಷಕ ಎದ್ದು ಕೂತ. ಆಟದವರು ದೋಣಿಗೆ ಇಪ್ಪತ್ತು ಜನ ಹತ್ತಬಹುದು ಎಂದರೆ ಇವನು ಹನ್ನೆರಡಕ್ಕೆ ನಿಲ್ಲಿಸಿದ.

"ಮೇಕೆ ಲೆಕ್ಕಕ್ಕಿಲ್ಲ ಕಣೋ, ಹತ್ತಿಸ್ತೀನಿ," ಎಂದೆ.

"ಮೇಕೆಗೇನು ತೂಕ ಇಲ್ವಾ? ಇಳಿಸು."

"ಅದು ಚಿತ್ರದ ಮೇಕೆ ಮಾರಾಯ."

"ಚಿತ್ರದ ದೋಣೀಗೆ ಚಿತ್ರದ ಮೇಕೆ ಭಾರಾನೇ. ಇಳಿಸಣ್ಣ ಅಂದ್ರೆ ಇಳಿಸು."

ಅವನ ಬಾಯಲ್ಲಿ 'ಅಣ್ಣ' ಎಂಬ ಮಾತು ಹನ್ನೊಂದು ವರ್ಷದ ಮೇಲೆ ಬಂದದ್ದು ಆ ಮೇಕೆಯ ದೆಸೆಯಿಂದ. ನಾನು ತೆಪ್ಪಗೆ ಇಳಿಸಿದೆ.

ಎಂಟನೆಯ ತಿಂಗಳ ಮೊದಲ ಸೋಮವಾರ ದೋಣಿ ಹೊಳೆಯ ನಡುವೆ ಇದ್ದಾಗ ಆ ಕಡೆಯ ಹಗ್ಗ ಜೋತುಬಿತ್ತು. ನಾನು ಕೂಗಿ ಕೂಗಿ ನೋಡಿದೆ. ಹತ್ತು ನಿಮಿಷದ ಮೇಲೆ ಫೋನು ಬಂತು. ಪರದೆಯ ಮೇಲೆ ಬಂದ ಸಂದೇಶವನ್ನು ಅವನು ಕಚೇರಿಯ ನೋಟೀಸು ಓದುವ ಧಾಟಿಯಲ್ಲಿ ಓದಿದ: ಕೀ ಅಕ್ರಮವಾಗಿ ಪಡೆದದ್ದು, ರದ್ದು ಮಾಡಲಾಗಿದೆ, ಹೆಚ್ಚಿನ ಮಾಹಿತಿಗೆ ಮಾರಿದವರನ್ನು ಸಂಪರ್ಕಿಸಿ. ಓದಿ ಮುಗಿಸಿ, "ಮತ್ತೆ ಕದ್ದ ಮಾಲು ಕೊಟ್ಯಾ ಅಣ್ಣ?" ಎಂದು ಕೇಳಿ ಫೋನಿಟ್ಟ.

ಈಗ ಹೇಳಿ ಮಾನ್ಯರೇ, ನಾನು ಮಾಡಿದ್ದು ಏನು? ನನ್ನ ಅಂಗಡಿಗೆ ದಿನಾ ಹಳೆಯ ಪುಸ್ತಕ ಬರುತ್ತವೆ. ಒಬ್ಬರು ಕೊಂಡು, ಓದಿ, ಇನ್ನೊಬ್ಬರಿಗೆ ಮಾರಿದ್ದು, ಅವರು ಮತ್ತೊಬ್ಬರಿಗೆ ಕೊಟ್ಟದ್ದು. ಮೊದಲ ಪುಟದಲ್ಲಿ ನಾಲ್ಕು ಜನರ ಹೆಸರಿರುತ್ತದೆ. ಬರೆದವರಾಗಲಿ ಅಚ್ಚು ಹಾಕಿದವರಾಗಲಿ ಯಾರ ಮನೆಗೂ ನುಗ್ಗಿ, ಓದುತ್ತಿದ್ದವರ ತೊಡೆಯ ಮೇಲಿಂದ ಪುಸ್ತಕ ಎತ್ತಿಕೊಂಡು ಹೋದದ್ದನ್ನು ನಾನು ಕೇಳಿಲ್ಲ. ಆಟಕ್ಕೆ ಮಾತ್ರ ಬೇರೆ ನ್ಯಾಯವೇ? ಬೇರೆ ಎನ್ನುವುದಾದರೆ ಆ ನ್ಯಾಯವನ್ನು ಕೊಳ್ಳುವವನ ಕಣ್ಣಿಗೆ ಬೀಳುವ ಜಾಗದಲ್ಲಿ ಯಾರಾದರೂ ಬರೆದಿದ್ದಾರೆಯೇ? ಮುಖ್ಯ ಅಂಗಡಿಯ ನಿಯಮಗಳನ್ನು ಪೂರ್ತಿ ಓದಿದೆ. ಓದುವುದೇ ನನ್ನ ಚಟ, ಆದರೂ ಎರಡು ಸಲ ತೂಕಡಿಸಿದೆ. ಐವತ್ತು ಪುಟ ಕಳೆದ ಮೇಲೆ ತಿಳಿದದ್ದು, ನಾನು ಪೂರ್ತಿ ಬೆಲೆ ಕೊಟ್ಟು ಕೊಂಡೆನೆಂದುಕೊಂಡ ಆಟವೂ ನನ್ನದಲ್ಲವಂತೆ. ಆಡಲು ಅನುಮತಿ ಮಾತ್ರವಂತೆ. ಹಾಗಾದರೆ ಗುಂಡಿಯ ಮೇಲೆ 'ಕೊಳ್ಳಿ' ಎಂದು ಬರೆದವರನ್ನು ನೀವು ಯಾವಾಗ ಕರೆಸಿ ಕೇಳುತ್ತೀರಿ?

ಇನ್ನೊಂದು ಕಡೆಯ ಮಾತನ್ನೂ ಹೇಳುತ್ತೇನೆ, ಮುಚ್ಚಿಟ್ಟರೆ ತಮ್ಮನಿಗೆ ಉತ್ತರ ಕೊಡಲಾಗುವುದಿಲ್ಲ. ನಾನು ಆಟ ಮಾಡಿದವರಿಗೂ ಬರೆದೆ. ಅದು ದೊಡ್ಡ ಕಂಪನಿಯೆಂದುಕೊಂಡಿದ್ದೆ. ಗಂಡ ಹೆಂಡತಿ ಇಬ್ಬರೇ, ಮನೆಯ ಒಂದು ಕೋಣೆಯಲ್ಲಿ ಕೂತು ಮೂರು ವರ್ಷ ಮಾಡಿದ್ದಂತೆ. ಯಾರದೋ ಕಾರ್ಡು ಕದ್ದು ರಾಶಿ ಕೀ ಕೊಂಡು, ಮರುಮಾರಾಟದ ಜಾಲತಾಣದಲ್ಲಿ ಸುರಿದಿದ್ದಾರೆ. ಕಾರ್ಡಿನ ಒಡೆಯ ದೂರು ಕೊಟ್ಟಾಗ ಬ್ಯಾಂಕು ಇವರಿಂದ ಹಣ ವಾಪಸು ಎಳೆದುಕೊಂಡಿದೆ, ಮೇಲೆ ದಂಡವನ್ನೂ ಹಾಕಿದೆ. "ನಿಮ್ಮಿಬ್ಬರ ಆಟ ನಿಲ್ಲಿಸಿದ್ದಕ್ಕೆ ನಮಗೂ ಸಂಕಟ," ಎಂದು ಆ ಹೆಣ್ಣುಮಗಳು ಬರೆದಿದ್ದರು. ಅದನ್ನು ಓದಿದ ಮೇಲೆ ಅವರ ಮೇಲೆ ಸಿಟ್ಟು ಉಳಿಯಲಿಲ್ಲ. ಉಳಿದ ಸಿಟ್ಟನ್ನೆಲ್ಲ ಜೋಪಾನವಾಗಿ ಕಟ್ಟಿ ನಿಮಗೆ ಕಳಿಸುತ್ತಿದ್ದೇನೆ.

ಏಕೆಂದರೆ ಆ ಜಾಲತಾಣದಲ್ಲಿರುವ ಎಲ್ಲ ಕೀಗಳೂ ಕದ್ದವಲ್ಲವಂತೆ. ಕೆಲವು ರಿಯಾಯಿತಿ ಸಮಯದಲ್ಲಿ ನ್ಯಾಯವಾಗಿ ಕೊಂಡಿಟ್ಟವು, ಕೆಲವು ಬೇರೆ ದೇಶದಲ್ಲಿ ಕಡಿಮೆ ಬೆಲೆಗೆ ಮಾರಿದವು, ಕೆಲವು ಯಾರಿಗೋ ಬಿಟ್ಟಿ ಕೊಟ್ಟವು, ಕೆಲವು ಕಳ್ಳಮಾಲು. ಎಲ್ಲ ಒಂದೇ ಬುಟ್ಟಿಯಲ್ಲಿ. ತಮ್ಮನ ಮಗಳು ತನ್ನ ಔಷಧಿ ಅಂಗಡಿಯ ಮಾತ್ರೆ ಪಟ್ಟಿಯೊಂದನ್ನು ತಿರುಗಿಸಿ ತೋರಿಸಿದಳು: "ನೋಡಿ ದೊಡ್ಡಪ್ಪ, ತಲೆನೋವಿನ ಮಾತ್ರೆಗೂ ಬ್ಯಾಚ್ ನಂಬರ್ ಇದೆ. ಎಲ್ಲಿ ಮಾಡಿದ್ದು, ಯಾರು ತಂದಿದ್ದು, ಎಲ್ಲ ಹೇಳಬಹುದು. ನಿಮ್ಮ ಕೀಗೆ ಹಿಂದೂ ಇಲ್ಲ ಮುಂದೂ ಇಲ್ಲ." ನಾನು ಕಟ್ಟಿದ ಪ್ರತಿ ಪುಸ್ತಕದ ಹಿಂದಿನ ರಟ್ಟಿನ ಒಳಗೆ ಹೆಸರು, ತಾರೀಖು ಬರೆದ ಸಣ್ಣ ಚೀಟಿ ಅಂಟಿಸುತ್ತೇನೆ. ಹೊಲಿಗೆ ಬಿಟ್ಟರೆ ನನ್ನನ್ನು ಹುಡುಕಿಕೊಂಡು ಬಂದು ಬೈಯಲಿ ಎಂದು. ನನ್ನಂಥವನು ಮಾಡುವುದನ್ನು ಲೋಕವೆಲ್ಲ ಹರಡಿದ ಜಾಲತಾಣದಿಂದ ಮಾಡಿಸಲು ನಿಮ್ಮ ಕಚೇರಿಗೆ ಆಗುವುದಿಲ್ಲವೇ? ಮಾರಿದವನು ಯಾರೆಂದು ನಾನು ಆ ಜಾಲತಾಣದವರನ್ನು ಕೇಳಿದರೆ, 'ನಾವು ಸಂತೆಯ ಜಾಗ ಮಾತ್ರ ಕೊಟ್ಟವರು' ಎಂದರು.

ನಿಮ್ಮ ಕಚೇರಿಯ ಸತ್ಕಾರವನ್ನೂ ಹೇಳಬೇಕು. ಮೊದಲ ಸಲ ಹೋದಾಗ ಮೂರನೇ ಕಿಟಕಿಯ ಗುಮಾಸ್ತರು ಕೇಳಿದರು:

"ವಸ್ತು ತಂದಿದ್ದೀರಾ?"

"ವಸ್ತು ಇಲ್ಲ ಸ್ವಾಮಿ, ಅಕ್ಷರ."

"ಅಕ್ಷರ ತಂದಿದ್ದೀರಾ?"

ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದನ್ನು ಕೊಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿ, "ಇದು ಕೆಟ್ಟೋಗಿದೆ ಅಂತ ಹೇಗೆ ಹೇಳ್ತೀರಿ, ಚೆನ್ನಾಗೇ ಕಾಣ್ತಿದೆಯಲ್ಲ," ಎಂದರು. ಅರ್ಜಿಯಲ್ಲಿ 'ವಸ್ತುವಿನ ಬಣ್ಣ ಮತ್ತು ತೂಕ' ಎಂಬ ಸಾಲಿತ್ತು. ಖಾಲಿ ಬಿಟ್ಟರೆ ತೆಗೆದುಕೊಳ್ಳುವುದಿಲ್ಲ ಎಂದರು. ನಾನು ಬಣ್ಣ 'ಕಪ್ಪು', ತೂಕ 'ಇಲ್ಲ' ಎಂದು ಬರೆದೆ. ಎರಡನೆಯ ಸಲ ಹೋದಾಗ ತೂಕ ನಮೂದಿಸಿಲ್ಲವೆಂದು ಅರ್ಜಿ ವಾಪಸು ಬಂದಿತ್ತು. ತೂಕ ಪರೀಕ್ಷಕನ ಅಣ್ಣನಿಗೆ ಈ ಗತಿ. ಮೂರನೆಯ ಸಲ ವಿದೇಶಿ ವ್ಯವಹಾರದ ವಿಭಾಗಕ್ಕೆ, ನಾಲ್ಕನೆಯ ಸಲ ಅಲ್ಲಿಂದ ಪೊಲೀಸರಿಗೆ. ಅವರು, "ಯಜಮಾನ್ರೇ, ಕದ್ದ ಮಾಲು ಕೊಂಡಿದ್ದೀನಿ ಅಂತ ನೀವೇ ಬರ್ಕೊಡ್ತಿದ್ದೀರಲ್ಲ, ಯೋಚನೆ ಮಾಡಿ," ಎಂದು ನಕ್ಕು ಟೀ ಕುಡಿಸಿ ಕಳಿಸಿದರು. ಐದನೆಯ ಸಲ ಮತ್ತೆ ಮೂರನೇ ಕಿಟಕಿ. ಗುಮಾಸ್ತರಿಗೆ ಆ ದಿನ ಕೆಮ್ಮು ಜೋರಾಗಿತ್ತು. ನಾನೇ ನೀರು ತಂದುಕೊಟ್ಟು ಬಂದೆ.

ಮುಖ್ಯ ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು ತಮ್ಮನಿಗೆ ಇನ್ನೊಂದು ಕೀ ಕೊಂಡು, ರಸೀದಿಯ ಸಮೇತ ಕಳಿಸಿದ್ದೇನೆ. ಅವನು ಅದನ್ನು ತೆರೆದಿಲ್ಲ. ಮಗಳ ಮೂಲಕ ಹೇಳಿ ಕಳಿಸಿದ: "ಮೊದಲಿನದು ಏನು ಅಂತ ಸರ್ಕಾರ ಹೇಳಲಿ. ಆಮೇಲೆ ಎರಡನೆಯದರ ಮಾತು." ಮುದ್ರೆಯಿಲ್ಲದ ಮಾತು ಅವನ ಕಿವಿಗೆ ಬೀಳುವುದಿಲ್ಲ, ನಲವತ್ತು ವರ್ಷದ ಅಭ್ಯಾಸ.

ಇಲ್ಲಿಯವರೆಗೆ ಬರೆಯದ ಒಂದು ಮಾತು ಉಳಿದಿದೆ. ಕೀ ಕೊಟ್ಟ ದಿನ ಅವನು ಕೇಳಿದ್ದ, "ಎಲ್ಲಿ ತಗೊಂಡೆ?" ಎಂದು. ನಾನು "ಅಂಗಡೀಲಿ" ಎಂದಿದ್ದೆ. ಯಾವ ಅಂಗಡಿ ಎಂದು ಹೇಳಲಿಲ್ಲ. ಅರ್ಧ ಬೆಲೆಯೆಂದೂ ಹೇಳದೆ ಮಾತನ್ನು ಬೇರೆ ಕಡೆಗೆ ತಿರುಗಿಸಿದೆ. ಕೊಂಡದ್ದು ತಪ್ಪೆಂದು ನನಗೆ ಗೊತ್ತಿರಲಿಲ್ಲ, ನಿಜ. ಆದರೆ ಗೊತ್ತಿಲ್ಲದವನು ಅಷ್ಟು ಬೇಗ ಮಾತು ಬದಲಿಸುವುದೂ ಇಲ್ಲ. ಇದನ್ನು ಅವನೂ ಪತ್ರಿಕೆಯಲ್ಲೇ ಓದಲಿ. ಫೋನಿನಲ್ಲಿ ಹೇಳಲು ನನ್ನಿಂದಾಗಲಿಲ್ಲ.

ಆದ್ದರಿಂದ ನನ್ನನ್ನು ನಿರ್ದೋಷಿ ಎಂದು ಬರೆದುಕೊಡಿ ಎಂದು ನಾನು ಕೇಳುತ್ತಿಲ್ಲ. ಇಂಥ ಕೀ ಕೊಳ್ಳುವುದು ನ್ಯಾಯವೇ ಅಲ್ಲವೇ, ಅದನ್ನು ಎರಡು ಸಾಲಿನಲ್ಲಿ ಬರೆದು ದುಂಡು ಮುದ್ರೆ ಒತ್ತಿ ಕಳಿಸಿ. ನ್ಯಾಯವೆಂದರೆ, ನಂಬಿ ಕೊಂಡವನ ಕೈಯಿಂದ ಕಿತ್ತುಕೊಳ್ಳುವ ಮೊದಲು ಹಸಿರು ಗುರುತು ಕೊಟ್ಟವರನ್ನು ಹಿಡಿಯಿರಿ. ಅಲ್ಲವೆಂದರೆ, ಆ ಮಾತನ್ನು ಜಾಲತಾಣದ ಬಾಗಿಲಲ್ಲೇ ದಪ್ಪ ಅಕ್ಷರದಲ್ಲಿ ಬರೆಸಿ. ನನ್ನ ತಪ್ಪಿನ ಕಾಗದವನ್ನು ನಾನೇ ತಮ್ಮನಿಗೆ ಒಯ್ದು ಕೊಟ್ಟು, ಈ ಸಲ ಎದುರಿಗೆ ನಿಂತೇ ಬೈಸಿಕೊಳ್ಳುತ್ತೇನೆ. ಎರಡರಲ್ಲಿ ಯಾವುದಾದರೂ ಸರಿ. ಏನೂ ಹೇಳದೆ ಇರುವುದು ಮಾತ್ರ ಬೇಡ. ಅದನ್ನು ಮನೆಯಲ್ಲಿ ಹನ್ನೊಂದು ವರ್ಷ ಕಂಡಿದ್ದೇನೆ.

ದಿನಾ ಹತ್ತು ಗಂಟೆಗೆ ನಾನು ಆಟ ತೆರೆಯುತ್ತೇನೆ. ದೋಣಿ ಇನ್ನೂ ಅರ್ಧ ಹೊಳೆಯಲ್ಲೇ ಇದೆ, ಹನ್ನೆರಡೇ ಜನ, ಮೇಕೆ ಇಲ್ಲ. ಹಗ್ಗದ ಈ ತುದಿ ನನ್ನ ಕೈಯಲ್ಲಿದೆ.

ಮೂರನೇ ಕಿಟಕಿಯವರಿಗೆ ಬಿಸಿನೀರು ಕುಡಿಯಲು ಹೇಳಿ. ಬೇಗ ಕಾಗದ ಬರೆಯಿರಿ.

ಇಂತಿ,
ಎರಡು ಸಲವೂ 'ಯಾಕೆ ಅಗ್ಗ' ಎಂದು ಕೇಳದ,
ಒಬ್ಬ ಪುಸ್ತಕ ಕಟ್ಟುವವ
(ಹೆಸರು, ತಾರೀಖು ಬೇಕಾದರೆ ನಿಮ್ಮ ಕಚೇರಿಯ ಹಳೆಯ ದಾಖಲೆ ಪುಸ್ತಕಗಳ ಹಿಂದಿನ ರಟ್ಟು ತೆರೆದು ನೋಡಿ. ಅವನ್ನು ಕಟ್ಟಿದವನೂ ನಾನೇ.)