ಯೀಸ್ಟಿನ ಉಪವಾಸ, ಸೂರ್ಯನ ತಪ್ಪು

ಐನಾಪುರ, ತಾ. ಕಾಗವಾಡ
೭ ಜನವರಿ ೨೦೨೫

ಮುದ್ದಿನ ಮೊಮ್ಮಗಳು ಪೂನಮವ್ವಾ,

ನಿನ್ನ ಅಜ್ಜನ ಜಯ ಜಿನೇಂದ್ರ. ಆರೋಗ್ಯ ಹೇಗಿದೆ? ಪುಣೆಯ ಚಳಿಗೆ ಕಿವಿ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಈ ಪತ್ರ. ನಿನ್ನ ಪ್ರಯೋಗಶಾಲೆಯ ಯೀಸ್ಟುಗಳು ಕ್ಷೇಮವೇ? ಅವುಗಳ ಚಿಂತೆಯಲ್ಲಿ ನಿನ್ನ ಅಜ್ಜಿ ಸೊರಗಿದ್ದಾಳೆ. ದೀಪಾವಳಿಗೆ ಬಂದಾಗ ನೀನೇ ಹೇಳಿದ್ದೆಯಲ್ಲ: "ಯೀಸ್ಟ್ ಉಪವಾಸ ಕೆಡವಿದ್ರ, ಚಳಿಗೆ ಇಟ್ರ, ಅದರ ಜೀನಿನೊಳಗ ಮಲಗಿದ್ದ ತುಣುಕು ಏಳತಾವ ಅಜ್ಜಾ. ತಮ್ಮ ನಕಲು ಮಾಡಿ ಬ್ಯಾರೆ ಜಾಗಕ್ಕ ಹಾರಿ ಕೂಡತಾವ. ಕೂತಲ್ಲಿ ಕೆಲಸ ಕೆಡಸೋದ ಹೆಚ್ಚು; ಒಮ್ಮೊಮ್ಮೆ ಜೀವಾನೂ ಉಳಸತಾವ." ಅಜ್ಜಿ ಕೆನ್ನೆ ಬಡಿದುಕೊಂಡಳು: "ಕೋಟಿ ಜೀವ ಉಪವಾಸ ಕೆಡವತೀಯೇನ ಬೇ, ಪಾಪಿ!" ನಿನ್ನ ಅವ್ವ ಮಂಗಲ ಮಾತ್ರ ರೊಟ್ಟಿ ಬಡಿಯುತ್ತಲೇ ಕೇಳಿದ್ದಳು: "ಎಷ್ಟು ದಿನಕ್ಕ ಏಳತಾವವ್ವಾ?" ಸೊಸೆಗೆ ವಿಜ್ಞಾನದ ಮೇಲೆ ಇಷ್ಟು ಒಲವೆಂದು ನಾನು ಹೆಮ್ಮೆಪಟ್ಟೆ.

ನಮ್ಮ ಮನೆಯಲ್ಲಿ ಅಂಥ ಹಿಂಸೆಯಿಲ್ಲ. ಹೊತ್ತು ಮುಳುಗಿದ ಮೇಲೆ ಅನ್ನಕ್ಕೆ ಹುಳು ಬಿದ್ದು ಸತ್ತೀತೆಂದು ಯಾರೂ ಉಣ್ಣುವುದಿಲ್ಲ. ಮೊದಲು ನಾನು, ಆಮೇಲೆ ನಿನ್ನ ಅಪ್ಪ, ಆಮೇಲೆ ಅಜ್ಜಿ. ಎಲ್ಲರಿಗೂ ಬಿಸಿ ರೊಟ್ಟಿ ಬಡಿಸುವಷ್ಟರಲ್ಲಿ ಮಂಗಲಳ ಪಾಲಿಗೆ ಸೂರ್ಯ ಮುಳುಗಿರುತ್ತಾನೆ. ಚಳಿಗಾಲದಲ್ಲಂತೂ ಅವನಿಗೆ ಭಾರೀ ಅವಸರ. ಅದು ಸೂರ್ಯನ ತಪ್ಪು, ನಾವೇನು ಮಾಡೋಣ? ನೀನು ಹುಟ್ಟುವ ಮೊದಲಿನಿಂದಲೂ ಹೀಗೇ ನಡೆದಿದೆ. ಆಕೆ ಒಂದು ದಿನವೂ ಪಿಟ್ಟೆಂದಿರಲಿಲ್ಲ.

ಮೊನ್ನೆ ಅಂದಳು. ನನ್ನ ತಾಟು ಹಾಕಿ, ನನ್ನ ಮಣೆಯ ಮೇಲೆ ತಾನೇ ಕೂತಳು! "ಮಾವಾರ, ಹೊತ್ತು ಮುಳುಗಾಕತ್ತೈತಿ. ಇವತ್ತ ನಾ ಮೊದಲ ಉಣತೀನ್ರಿ" ಎಂದು ನಿಧಾನವಾಗಿ ಅಗಿಯತೊಡಗಿದಳು. ನಿನ್ನ ಅಪ್ಪ ತಂಬಿಗೆಯನ್ನು ನೋಡುತ್ತಿದ್ದ, ನಾನು ಸೂರ್ಯನನ್ನು. ಅವನು ನನಗಾಗಿಯೂ ನಿಲ್ಲಲಿಲ್ಲ. ಉಪವಾಸ ಮಲಗಿದ ನಾನು ನಿನ್ನ ವಿಜ್ಞಾನ ನಿಜವೆಂದು ಒಪ್ಪಿಕೊಂಡೆ: ಮಲಗಿದ್ದ ತುಣುಕು ಎದ್ದು ನನ್ನ ಮಣೆಗೇ ಹಾರಿತ್ತು.

ನಮ್ಮೆಲ್ಲರ ಕೈ ನಿನ್ನ ತಲೆಯ ಮೇಲಿದೆ, ಸುಖವಾಗಿರು.

ನಿನ್ನ ಅಜ್ಜ,
ತಾತ್ಯಾಸಾಹೇಬ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮಂಗಲಳನ್ನು ಮರುದಿನವೇ ಕೊಗನೊಳ್ಳಿಗೆ, ತವರಿಗೆ ಅಟ್ಟಿದೆವು. ಅವಳ ನಕಲು ಪುಣೆಯಲ್ಲಿದೆ ಎಂದು ಅಜ್ಜಿಗೆ ಅನುಮಾನ. ಆದ್ದರಿಂದ ನೀನು ಇನ್ನು ಕಲಿಯುವುದಿಲ್ಲವೆಂದು ನಿನ್ನ ಮೇಡಮ್ಮಿಗೆ ನಾನೇ ಫೋನ್ ಮಾಡಿ ತಿಳಿಸಿದ್ದೇನೆ. ಸಂಕ್ರಾಂತಿಯ ಮರುದಿನ ನಿನ್ನ ಅಪ್ಪ ಕರೆಯಲು ಬರುತ್ತಾನೆ. ದಾರಿಯಲ್ಲೇ ಹೊಟ್ಟೆ ತುಂಬ ಉಂಡು ಬಾ. ಇಲ್ಲಿ ನೀನು ಎಲ್ಲರಿಗೂ ಬಡಿಸುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ.